ಮೊದಲ ದಿನದ ಸ್ವಾಗತವೇನೋ ಸರಿ, ಐದನೇ ವಾರಕ್ಕೆ ಯಾರಿದ್ದಾರೆ?

ಹೊಸ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳಲು ವಿಶ್ವವಿದ್ಯಾಲಯಗಳು ಪಡುವ ಶ್ರಮದ ಬಹುಪಾಲು ಮೊದಲ ದಿನಕ್ಕೇ ಖರ್ಚಾಗಿಬಿಡುತ್ತದೆ. ಒಂದು ಸಭಾಂಗಣ, ಒಂದು ಭಾಷಣ, ಆಮೇಲೆ ಗ್ರಂಥಾಲಯ, ಹಣಕಾಸು, ಕಂಪ್ಯೂಟರ್ ಕೇಂದ್ರ, ಆರೋಗ್ಯ ಕೇಂದ್ರದವರು ಸರದಿಯಂತೆ ಬಂದು ಸ್ಲೈಡ್ ತೋರಿಸಿ ಹೋಗುತ್ತಾರೆ. ಹೇಳಿದ್ದೆಲ್ಲ ಬೇಕಾದದ್ದೇ, ಆದರೆ ಅವತ್ತೇ ಬೇಕಾದದ್ದು ಅದರಲ್ಲಿ ತೀರಾ ಕಡಿಮೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದು ಇನ್ನೂ ಕೋಣೆಯ ಬೀಗದ ಕೈ ಸಿಗದವರ ಮುಂದೆ ಬೇರೆ ಗ್ರಂಥಾಲಯದಿಂದ ಪುಸ್ತಕ ತರಿಸುವ ನಿಯಮ ಓದಿದರೆ ತಲೆಗೆ ಹೋಗುವುದಿಲ್ಲ. ಐದನೇ ವಾರದಲ್ಲಿ ಅದೇ ನಿಯಮ ನಿಜವಾಗಿ ಬೇಕಾದಾಗ, ಯಾರನ್ನು ಕೇಳಬೇಕೆಂದು ಗೊತ್ತಿರುವುದಿಲ್ಲ.

ಹಾಗಾಗಿ ಓರಿಯೆಂಟೇಷನ್ ಯೋಜಿಸುವವರಿಗೆ ಮೊದಲ ಸಲಹೆ: ಕಾರ್ಯಕ್ರಮವನ್ನು ಎಂಟು ವಾರಗಳ ಉದ್ದಕ್ಕೆ ಹಂಚಿ. ಮೊದಲ ದಿನಕ್ಕೆ ಕೋಣೆ, ಗುರುತಿನ ಚೀಟಿ, ಊಟ ಎಲ್ಲಿ, ತುರ್ತು ಸಂಖ್ಯೆ, ಮತ್ತು ಹೆಸರು ಗೊತ್ತಿರುವ ಒಬ್ಬ ಮನುಷ್ಯ, ಇಷ್ಟೇ ಸಾಕು. ಎರಡನೇ ವಾರ ಗ್ರಂಥಾಲಯ. ಅದೂ ಕಟ್ಟಡ ತೋರಿಸುವ ಸುತ್ತಾಟವಾಗದೆ, ಪ್ರತಿಯೊಬ್ಬರೂ ತಮ್ಮ ವಿಷಯವನ್ನೇ ಹುಡುಕಿ ನೋಡುವ ಒಂದು ಗಂಟೆಯಾಗಬೇಕು. ಪ್ರಯೋಗಾಲಯಕ್ಕೆ ಹೋಗುವವರಿಗೆ ಸುರಕ್ಷತಾ ತರಬೇತಿ ಮಾತ್ರ ಒಳಗೆ ಕಾಲಿಡುವ ಮುನ್ನವೇ ಆಗಬೇಕು, ಅದನ್ನು ಮುಂದೂಡುವ ಹಾಗಿಲ್ಲ. ನಾಲ್ಕನೇ ವಾರ ಪರೀಕ್ಷೆ, ಹಾಜರಾತಿ, ಕೋರ್ಸ್ ಬದಲಾವಣೆಯ ನಿಯಮಗಳು, ಆರನೇ ವಾರ ಕೃತಿಚೌರ್ಯ ಮತ್ತು ಬರವಣಿಗೆ. ಮೊದಲ ಅಸೈನ್‌ಮೆಂಟ್ ಕೈಯಲ್ಲಿರುವಾಗ ಉಲ್ಲೇಖದ ಪಾಠ ಕೇಳುವ ಕಿವಿಯೇ ಬೇರೆ.

ಇದಕ್ಕೂ ಮೊದಲಿನ ಕೆಲಸವೊಂದಿದೆ. ಬರುವುದಕ್ಕೆ ಮೂರು ವಾರ ಮುಂಚೆ ಕಳಿಸುವ ಪತ್ರ. ಸಾಮಾನ್ಯವಾಗಿ ಇದರಲ್ಲಿ ಅಭಿನಂದನೆ ಹೆಚ್ಚು, ವಿವರ ಕಡಿಮೆ. ಇರಬೇಕಾದದ್ದು ಇಷ್ಟು: ಮೂಲ ದಾಖಲೆಗಳು ಯಾವುವು, ಪ್ರತಿಗಳೆಷ್ಟು, ಶನಿವಾರ, ಭಾನುವಾರ ಅಥವಾ ರಾತ್ರಿ ಬಂದರೆ ಬೀಗದ ಕೈ ಯಾರ ಹತ್ತಿರ, ಕೋಣೆಯಲ್ಲಿ ಹಾಸಿಗೆ ಇದೆಯೋ ಇಲ್ಲವೋ, ಫೆಲೋಶಿಪ್‌ನ ಮೊದಲ ಕಂತು ನಿಜವಾಗಿ ಯಾವಾಗ ಕೈಸೇರುತ್ತದೆ. ಕೊನೆಯದನ್ನು ಬಹಳ ಕಡೆ ಹೇಳುವುದೇ ಇಲ್ಲ. ಸೇರ್ಪಡೆ ವರದಿ, ಬ್ಯಾಂಕ್ ಖಾತೆ, ವಿಭಾಗದ ಸಹಿ, ಲೆಕ್ಕಪತ್ರ ಶಾಖೆ ಎಲ್ಲ ದಾಟಿ ಹಣ ಬರುವುದಕ್ಕೆ ಒಂದೆರಡು ತಿಂಗಳು ಹಿಡಿಯುವುದು ಅಪರೂಪವೇನಲ್ಲ. 'ಎರಡು ತಿಂಗಳ ಖರ್ಚಿಗೆ ವ್ಯವಸ್ಥೆ ಮಾಡಿಕೊಂಡು ಬನ್ನಿ. ಆಗದಿದ್ದರೆ ಮುಂಗಡಕ್ಕೆ ಇವರನ್ನು ಕೇಳಿ' ಎಂದು ಹೆಸರು ಸಹಿತ ಬರೆದುಬಿಟ್ಟರೆ, ಹೊಸಬರು ಯಾರಿಗೂ ಹೇಳದೆ ಸಾಲ ಮಾಡುವ, ಊಟ ಬಿಡುವ ಪ್ರಸಂಗ ತಪ್ಪುತ್ತದೆ. ಮುಜುಗರದ ವಿಷಯವನ್ನು ಸಂಸ್ಥೆಯೇ ಮೊದಲು ಎತ್ತಬೇಕು. ವಿದ್ಯಾರ್ಥಿ ಎತ್ತಲಿ ಎಂದು ಕಾದರೆ ಅದು ಬಾಯಿಗೆ ಬರುವುದೇ ಇಲ್ಲ.

ಕಾಗದಪತ್ರದ ಗೋಳು ಇನ್ನೊಂದು ಬಗೆಯದು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆ ಇಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಂಕ್ ಖಾತೆಗೆ ವಿಳಾಸದ ದಾಖಲೆ ಬೇಕು, ವಿಳಾಸಕ್ಕೆ ಹಾಸ್ಟೆಲ್ ಹಂಚಿಕೆ ಪತ್ರ ಬೇಕು, ಹಂಚಿಕೆಗೆ ಶುಲ್ಕದ ರಸೀತಿ ಬೇಕು, ಶುಲ್ಕ ಕಟ್ಟಲು ಬ್ಯಾಂಕ್ ಖಾತೆ ಬೇಕು. ಇತ್ತ ಗುರುತಿನ ಚೀಟಿ ಬರುವವರೆಗೆ ಇಮೇಲ್ ಖಾತೆ ಇಲ್ಲ. ಇಮೇಲ್ ಇಲ್ಲದೆ ಕೋರ್ಸ್ ನೋಂದಣಿ ಇಲ್ಲ, ಆನ್‌ಲೈನ್ ಜರ್ನಲ್‌ಗಳಿಲ್ಲ. ಪ್ರತಿ ಕಚೇರಿಗೂ ತನ್ನ ನಿಯಮ ಮಾತ್ರ ಗೊತ್ತು. ಇಡೀ ಸುತ್ತು ಗೊತ್ತಿರುವುದು ಅದರಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಗೆ ಮಾತ್ರ. ಪರಿಹಾರ ಕಷ್ಟದ್ದಲ್ಲ. ಕಳೆದ ವರ್ಷ ಸೇರಿದ ಇಬ್ಬರನ್ನು ಕೂರಿಸಿಕೊಂಡು, ಯಾವುದಾದ ಮೇಲೆ ಯಾವುದು ಎಂಬ ಸರಣಿಯನ್ನು ಒಂದು ಪುಟದಲ್ಲಿ ಬರೆಯಿರಿ. ಸುತ್ತು ಎಲ್ಲಿ ಕೂಡಿಕೊಳ್ಳುತ್ತದೋ ಅಲ್ಲಿ ತಾತ್ಕಾಲಿಕ ಪತ್ರವೊಂದರಿಂದ ಅದನ್ನು ಕತ್ತರಿಸಿ. ಹೆಸರು, ಪ್ರವೇಶ ಸಂಖ್ಯೆ, ವಿಳಾಸ ಇರುವ ವ್ಯಾಸಂಗ ದೃಢೀಕರಣ ಪತ್ರದ ಐದೈದು ಪ್ರತಿಗಳನ್ನು ಸಹಿ, ಮೊಹರು ಸಮೇತ ಮೊದಲೇ ಸಿದ್ಧ ಮಾಡಿಟ್ಟರೆ ಅರ್ಧ ಅಲೆದಾಟ ನಿಂತುಹೋಗುತ್ತದೆ.

ಇನ್ನು ಜೊತೆಗಾರರ ವಿಷಯ. ಹೊಸಬರಿಗೆ ಒಬ್ಬ ಸೀನಿಯರ್ ಅನ್ನು ಗೊತ್ತುಮಾಡುವ ಪದ್ಧತಿ ಬಹಳ ಕಡೆ ಇದೆ. ಅದರಲ್ಲಿ ಬಹಳಷ್ಟು ಎರಡನೇ ವಾರಕ್ಕೆ ತಣ್ಣಗಾಗುತ್ತದೆ. ಕಾರಣ ಹೆಚ್ಚಾಗಿ ಆಯ್ಕೆಯಲ್ಲಿದೆ. ಕೊನೆಯ ವರ್ಷದವರು ಅನುಭವಸ್ಥರೆಂದು ಅವರನ್ನೇ ಹಾಕುತ್ತಾರೆ. ಅವರು ಪ್ರಬಂಧ ಬರೆಯುವ ಒತ್ತಡದಲ್ಲಿರುತ್ತಾರೆ; ಮೇಲಾಗಿ ಮೊದಲ ತಿಂಗಳ ಗೊಂದಲ ಹೇಗಿತ್ತೆಂಬುದು ಅವರಿಗೆ ಮರೆತೇಹೋಗಿರುತ್ತದೆ. ಎರಡನೇ ವರ್ಷದವರು ಸರಿಯಾದ ಜೋಡಿ. ವಿಭಾಗ ಒಂದೇ ಇರಲಿ, ಲ್ಯಾಬ್ ಮಾತ್ರ ಬೇರೆಯಾಗಿರಲಿ. ಒಂದೇ ಗೈಡ್‌ನ (ಸಂಶೋಧನಾ ಮಾರ್ಗದರ್ಶಕರ) ಕೈಕೆಳಗಿನ ಸೀನಿಯರ್ ಹತ್ತಿರ ಗೈಡ್ ಬಗ್ಗೆ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಒಬ್ಬರಿಗೆ ಮೂವರು ಹೊಸಬರು, ಹೆಚ್ಚೆಂದರೆ ನಾಲ್ವರು. 'ಏನಾದರೂ ಬೇಕಿದ್ದರೆ ಫೋನ್ ಮಾಡಿ' ಎನ್ನುವ ಮಾತು ಕಿತ್ತುಹಾಕಿ, ಮೊದಲ, ಮೂರನೇ, ಆರನೇ ವಾರಗಳಲ್ಲಿ ಭೇಟಿಯ ದಿನ ನಿಗದಿ ಮಾಡಿ. ಏನಾದರೂ ಬೇಕಾದವರೇ ಫೋನ್ ಮಾಡದವರು.

ಪ್ರಶ್ನೆ ಕೇಳುವ ರೀತಿಯನ್ನೂ ಕಲಿಸಬೇಕು. 'ಎಲ್ಲ ಸರಿಯಿದೆಯಾ?' ಎಂದರೆ 'ಸರಿಯಿದೆ' ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. 'ಈ ವಾರ ಯಾರ ಜೊತೆ ಊಟ ಮಾಡಿದಿರಿ? ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀರಿ? ಯಾವ ತರಗತಿಯಲ್ಲಿ ಅರ್ಥವಾಗದೆ ಉಳಿದದ್ದೇನು? ಇನ್ನೂ ಯಾವ ಕೌಂಟರ್‌ಗೆ ಅಲೆಯುತ್ತಿದ್ದೀರಿ?' ಎಂದರೆ ಉತ್ತರ ಬರುತ್ತದೆ. ಸೀನಿಯರ್‌ಗಳಿಗೆ ಒಂದೂವರೆ ಗಂಟೆಯ ತರಬೇತಿ ಸಾಕು. ಅದರಲ್ಲಿ ಅರ್ಧ ಗಂಟೆ ಮಿತಿಗಳ ಬಗ್ಗೆಯೇ ಇರಲಿ. ಕೇಳಿದ್ದನ್ನು ಗುಟ್ಟಾಗಿಡಬೇಕು, ಜೀವಕ್ಕೆ ಅಪಾಯದ ಸುಳಿವು ಸಿಕ್ಕರೆ ಇಡಬಾರದು, ಆಗ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದು ಬಾಯಿಪಾಠವಾಗಿರಬೇಕು. ಅವರು ಆಪ್ತಸಮಾಲೋಚಕರ ಕೆಲಸ ಮಾಡತಕ್ಕದ್ದಲ್ಲ. ಈ ದುಡಿಮೆಗೆ ಗೌರವಧನವೋ ಪ್ರಮಾಣಪತ್ರವೋ ಏನಾದರೊಂದು ಇರಲಿ. ಬಿಟ್ಟಿ ಕೆಲಸ ಎಂದಾದಾಗ ಅದು ಯಾವಾಗಲೂ ಅದೇ ಒಂದಿಬ್ಬರು ಒಳ್ಳೆಯವರ ತಲೆಗೆ ಬೀಳುತ್ತದೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಇದೆಲ್ಲಕ್ಕಿಂತ ದೊಡ್ಡದು ಗೈಡ್ ಜೊತೆಗಿನ ಮೊದಲ ತಿಂಗಳು. ಪದವಿಯವರೆಗೆ ಪಠ್ಯಕ್ರಮ ಇತ್ತು, ಪರೀಕ್ಷೆ ಇತ್ತು, ಅಂಕ ಬರುತ್ತಿತ್ತು. ಚೆನ್ನಾಗಿ ಮಾಡುತ್ತಿದ್ದೇನೋ ಇಲ್ಲವೋ ಎಂದು ಆಗಾಗ ಗೊತ್ತಾಗುತ್ತಿತ್ತು. ಇಲ್ಲಿ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. 'ತೋರಿಸಲು ಏನಾದರೂ ಆದಮೇಲೆ ಹೋಗೋಣ' ಎಂದು ಒಂದು ಭೇಟಿ ತಪ್ಪಿಸುತ್ತಾರೆ. ಎರಡು ವಾರವಾದರೂ ಏನೂ ಆಗಿರುವುದಿಲ್ಲ, ಈಗ ಹೋಗಲು ನಾಚಿಕೆ. ಆಮೇಲೆ ಇಮೇಲ್ ತೆರೆಯುವುದಕ್ಕೇ ಹೆದರಿಕೆ. ಗೈಡ್ ಅತ್ತ, 'ಹುಡುಗ ಸ್ವತಂತ್ರವಾಗಿ ಮಾಡುತ್ತಿದ್ದಾನೆ' ಎಂದುಕೊಂಡಿರುತ್ತಾರೆ. ಹೀಗೆ ಯಾರದೂ ದುರುದ್ದೇಶವಿಲ್ಲದೆ ಒಂದು ಸೆಮಿಸ್ಟರ್ ಹೋಗಿಬಿಡುತ್ತದೆ.

ಇದನ್ನು ತಡೆಯುವುದು ನಿಗದಿತ ವೇಳೆ. ವಾರಕ್ಕೊಮ್ಮೆ ಅರ್ಧ ಗಂಟೆ, ದಿನ ಮತ್ತು ಹೊತ್ತು ಖಾಯಂ. 'ಈ ವಾರ ಏನೂ ಆಗಲಿಲ್ಲ' ಎನ್ನುವುದೂ ಭೇಟಿಗೆ ಸಾಕಷ್ಟಾದ ವಿಷಯ ಎಂದು ಗೈಡ್ ಬಾಯಿಬಿಟ್ಟು ಹೇಳಬೇಕು. ಮೊದಲ ಭೇಟಿಯಲ್ಲಿ ಸಂಶೋಧನೆಗಿಂತ ರೀತಿನೀತಿಯ ಮಾತು ಆಗಲಿ: ಕರಡು ಎಷ್ಟು ದಿನ ಮುಂಚೆ ಕಳಿಸಬೇಕು, ಎಷ್ಟು ದಿನದಲ್ಲಿ ಅಭಿಪ್ರಾಯ ಬರುತ್ತದೆ, ಲ್ಯಾಬ್‌ನಲ್ಲಿ ಇರಲೇಬೇಕಾದ ಹೊತ್ತು ಯಾವುದು, ರಜೆ ಹೇಗೆ, ರಾತ್ರಿ ಬಂದ ಸಂದೇಶಕ್ಕೆ ರಾತ್ರಿಯೇ ಉತ್ತರಿಸಬೇಕೇ, ಲೇಖನದಲ್ಲಿ ಯಾರ ಹೆಸರು ಮೊದಲು ಎಂಬುದನ್ನು ಹೇಗೆ ನಿರ್ಧರಿಸುತ್ತಾರೆ. ಪ್ರತಿ ಭೇಟಿ ಮುಗಿದ ದಿನವೇ ವಿದ್ಯಾರ್ಥಿ ಐದು ಸಾಲಿನ ಇಮೇಲ್ ಬರೆಯಲಿ: ಏನು ಮಾತಾಯಿತು, ಮುಂದೆ ಏನು, ಯಾವಾಗ. ತಪ್ಪು ತಿಳಿವಳಿಕೆ ಇದ್ದರೆ ಅದು ಆರು ತಿಂಗಳಿಗೆ ಕಾಯದೆ ಅದೇ ವಾರ ಹೊರಬೀಳುತ್ತದೆ.

ಮೊದಲ ಕೆಲಸ ಯಾವುದು ಎಂಬುದರ ಮೇಲೂ ಬಹಳ ನಿಂತಿದೆ. 'ಸದ್ಯ ಲಿಟರೇಚರ್ ಓದಿ', ಅಂದರೆ ಈ ವಿಷಯದ ಮೇಲೆ ಬಂದಿರುವ ಲೇಖನಗಳನ್ನೆಲ್ಲ ಓದಿ, ಎನ್ನುವುದು ಅತ್ಯಂತ ಸುಲಭದ, ಅತ್ಯಂತ ಕೆಟ್ಟ ಸೂಚನೆ. ಅದಕ್ಕೆ ದಡವೇ ಇಲ್ಲ. ಅದರ ಬದಲು ಮೂರು ವಾರದೊಳಗೆ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸ ಕೊಡಿ: ಪ್ರಕಟವಾದ ಲೇಖನವೊಂದರ ಒಂದು ಗ್ರಾಫ್ ಅನ್ನು ಅದೇ ದತ್ತಾಂಶದಿಂದ ಮತ್ತೆ ರಚಿಸುವುದು, ಅಥವಾ ಹತ್ತು ಲೇಖನಗಳಿಗೆ ತಲಾ ಐದು ಸಾಲಿನ ಸ್ವಂತ ಮಾತಿನ ಟಿಪ್ಪಣಿ. ಓದುವುದನ್ನೂ ತೋರಿಸಿಕೊಡಬೇಕು. ಶೀರ್ಷಿಕೆ, ಸಾರಾಂಶ, ಚಿತ್ರಗಳು, ಕೊನೆಯ ಭಾಗ ಇವಿಷ್ಟಕ್ಕೆ ಹತ್ತು ನಿಮಿಷ. ಪೂರ್ತಿ ಓದಬೇಕೋ ಬೇಡವೋ ಎಂಬ ತೀರ್ಮಾನ ಆಮೇಲೆ. ಹೊಸಬರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ದಿನಕ್ಕೊಂದೂ ಮುಗಿಯದೆ, ತಾವೇ ದಡ್ಡರೆಂದು ತೀರ್ಮಾನಿಸುತ್ತಾರೆ. ಉಲ್ಲೇಖಗಳನ್ನು ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಮೊದಲ ಲೇಖನದಿಂದಲೇ ಸೇರಿಸುತ್ತ ಹೋಗಲಿ. ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ. ಈ ಅಭ್ಯಾಸ ಮೊದಲ ತಿಂಗಳಲ್ಲಿ ಬರದಿದ್ದರೆ, ಲ್ಯಾಪ್‌ಟಾಪ್ ಕೆಟ್ಟ ಮೇಲೆಯೇ ಬರುವುದು.

'ನಾನಿಲ್ಲಿ ತಪ್ಪಿ ಬಂದವನು, ಇಂದೋ ನಾಳೆಯೋ ಬಣ್ಣ ಬಯಲಾಗುತ್ತದೆ' ಎಂಬ ಭಾವನೆಗೆ ಮನಃಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝನ್ ಐಮ್ಸ್ 1978ರಲ್ಲಿ ಇಂಪೋಸ್ಟರ್ ಫಿನಾಮಿನನ್ ಎಂದು ಹೆಸರಿಟ್ಟರು. ಅವರು ಅದನ್ನು ಕಂಡದ್ದು ದೊಡ್ಡ ಸಾಧನೆ ಮಾಡಿದ ಮಹಿಳೆಯರಲ್ಲಿ. ಇದಕ್ಕೆ ಉಪನ್ಯಾಸಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಸೀನಿಯರ್‌ಗಳ ತಿರಸ್ಕೃತ ಕರಡುಗಳು. ವಿಮರ್ಶಕರು ಗೀಚಿದ ಪುಟವನ್ನು, ಅದೇ ಲೇಖನದ ಪ್ರಕಟಿತ ರೂಪವನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು.

ಒಂಟಿತನ ಯಾವಾಗ ಹಿಡಿಯುತ್ತದೆ? 1955ರಲ್ಲಿ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್‌ಗಾರ್ಡ್ ಅಮೆರಿಕಕ್ಕೆ ಹೋಗಿದ್ದ ನಾರ್ವೆಯ ಫುಲ್‌ಬ್ರೈಟ್ ವಿದ್ಯಾರ್ಥಿವೇತನದಾರರನ್ನು ಅಧ್ಯಯನ ಮಾಡಿ, ಮೊದಲು ಉತ್ಸಾಹ, ನಡುವೆ ಕುಸಿತ, ಆಮೇಲೆ ಚೇತರಿಕೆ ಎಂಬ ಯು ಆಕಾರದ ರೇಖೆಯನ್ನು ಮುಂದಿಟ್ಟರು. ನಂತರದ ಅಧ್ಯಯನಗಳಲ್ಲಿ ಎಲ್ಲರೂ ಈ ರೇಖೆಯಲ್ಲೇ ನಡೆಯುವುದು ಕಂಡಿಲ್ಲ. ಹಲವರಿಗೆ ಬಂದ ಮೊದಲ ದಿನಗಳೇ ಅತಿ ಕಷ್ಟದವು. ಹಾಗಾಗಿ ಕ್ಯಾಲೆಂಡರ್ ನಂಬದೆ ಲಕ್ಷಣ ನೋಡಬೇಕು: ಹಗಲಿಡೀ ನಿದ್ದೆ, ಊಟದ ಹೊತ್ತಿಗೆ ಕಾಣದಿರುವುದು, ಸಂದೇಶಗಳಿಗೆ ಉತ್ತರವಿಲ್ಲ, ಸತತ ಎರಡು ಭೇಟಿ ತಪ್ಪಿದ್ದು. 2018ರಲ್ಲಿ 26 ದೇಶಗಳ 2,279 ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳ ಸಮೀಕ್ಷೆಯೊಂದರಲ್ಲಿ ಶೇ 39ರಷ್ಟು ಮಂದಿಯ ಖಿನ್ನತೆಯ ಅಂಕ ಮಧ್ಯಮದಿಂದ ತೀವ್ರ ಮಟ್ಟದಲ್ಲಿತ್ತು. ಉತ್ತರಿಸಿದವರಲ್ಲಿ ಹೆಚ್ಚಿನವರು ಪಿಎಚ್.ಡಿ. ವಿದ್ಯಾರ್ಥಿಗಳು. ಇಚ್ಛೆಯಿದ್ದವರು ಮಾತ್ರ ಉತ್ತರಿಸಿದ ಸಮೀಕ್ಷೆಯಾದ್ದರಿಂದ ಆ ಸಂಖ್ಯೆಯನ್ನು ಎಲ್ಲರಿಗೂ ಅನ್ವಯಿಸಲಾಗದು. ಆದರೂ ಕಡೆಗಣಿಸುವಂಥ ಸಂಖ್ಯೆಯಲ್ಲ.

ಆಪ್ತಸಮಾಲೋಚನಾ ಕೇಂದ್ರದ ಬಗ್ಗೆ ಹೇಳುವಾಗ ವಿದ್ಯಾರ್ಥಿಯ ಮನಸ್ಸಿನಲ್ಲಿರುವ ಪ್ರಶ್ನೆ ಒಂದೇ: 'ನನ್ನ ಗೈಡ್‌ಗೆ ಗೊತ್ತಾಗುತ್ತದೆಯೇ?' ಕರಪತ್ರದ ಮೊದಲ ಸಾಲಿನಲ್ಲೇ ಅದಕ್ಕೆ ಉತ್ತರವಿರಲಿ. ಎರಡನೇ ಸಾಲಿನಲ್ಲಿ, ಮೊದಲ ಭೇಟಿಗೆ ಎಷ್ಟು ದಿನ ಕಾಯಬೇಕು, ಶುಲ್ಕ ಇದೆಯೇ ಎಂಬುದು. ಸಮಾಲೋಚಕರ ಸಾಧನೆಯ ಪಟ್ಟಿ ಯಾರಿಗೂ ಬೇಡ.

ಗೈಡ್ ಜೊತೆಗೇ ತೊಂದರೆಯಾದರೆ? ಈ ಪ್ರಶ್ನೆಯನ್ನು ವಿಭಾಗಗಳು ಇಷ್ಟಪಡುವುದಿಲ್ಲ. ಆದರೂ ಗೈಡ್ ಬದಲಿಸುವ ವಿಧಾನವನ್ನು ಮೊದಲ ತಿಂಗಳಲ್ಲೇ ಎಲ್ಲರಿಗೂ ಬರವಣಿಗೆಯಲ್ಲಿ ಕೊಡಬೇಕು, ಜೊತೆಗೆ ಲ್ಯಾಬ್‌ನ ಹೊರಗಿನ ಅಧ್ಯಾಪಕರೊಬ್ಬರ ಹೆಸರು. ಎಲ್ಲರಿಗೂ ಕೊಟ್ಟಾಗ ಕೇಳಿದವರು ಯಾರೆಂಬ ಅನುಮಾನ ಹುಟ್ಟುವುದಿಲ್ಲ.

ಸಂಜೆಯ ಕೂಟಗಳಿಂದ ಹೊರಗುಳಿಯುವವರನ್ನು ಲೆಕ್ಕ ಹಾಕಿ ನೋಡಿ: ಮಕ್ಕಳಿರುವವರು, ದೂರದಿಂದ ಓಡಾಡುವವರು, ಅರೆಕಾಲಿಕ ಕೆಲಸದಲ್ಲಿರುವವರು. ತಿಂಗಳಿಗೆ ಒಂದಾದರೂ ಭೇಟಿ ಮಧ್ಯಾಹ್ನದಲ್ಲಿರಲಿ. ಬೇರೆ ಭಾಷೆಯಿಂದ ಬಂದವರು ಸೆಮಿನಾರ್‌ನಲ್ಲಿ ಬಾಯಿ ತೆರೆಯದಿದ್ದರೆ ವಿಷಯ ಗೊತ್ತಿಲ್ಲವೆಂದು ತಿಳಿಯಬಾರದು. ಲೇಖನವನ್ನು ಮೂರು ದಿನ ಮುಂಚೆ ಕೊಟ್ಟು, ಪ್ರಶ್ನೆಯನ್ನು ಬರೆದು ತರಲು ಬಿಟ್ಟರೆ ಒಂದೆರಡು ತಿಂಗಳಲ್ಲಿ ಮಾತು ಬರುತ್ತದೆ. ಎಲ್ಲರಿಗಿಂತ ಹೆಚ್ಚು ಕೈಬಿಟ್ಟುಹೋಗುವವರು ತಡವಾಗಿ ಸೇರಿದವರು. ವೀಸಾ ತಡವಾಗಿಯೋ, ಕೊನೆಯ ಸುತ್ತಿನ ಪ್ರವೇಶದಲ್ಲೋ ಮೂರು ವಾರ ಕಳೆದು ಬರುವ ಇವರಿಗೆ ಓರಿಯೆಂಟೇಷನ್ ಇಲ್ಲ, ಒಳ್ಳೆಯ ಕೋಣೆ ಇಲ್ಲ, ಗೆಳೆಯರ ಗುಂಪುಗಳು ಆಗಲೇ ಕಟ್ಟಿಕೊಂಡಿರುತ್ತವೆ. ಅವರಿಗಾಗಿಯೇ ನಾಲ್ಕನೇ ವಾರದಲ್ಲಿ ಎರಡು ಗಂಟೆಯ ಚಿಕ್ಕ ಓರಿಯೆಂಟೇಷನ್ ಇಟ್ಟು, ಜೊತೆಗಾರ ಸೀನಿಯರ್‌ಗಳ ಪಟ್ಟಿಯಲ್ಲಿ ಒಂದೆರಡು ಹೆಸರು ಖಾಲಿ ಉಳಿಸಿಕೊಂಡಿರಬೇಕು.

ಎಂಟನೇ ವಾರದಲ್ಲಿ ಪ್ರತಿಯೊಬ್ಬರ ಜೊತೆ ಇಪ್ಪತ್ತು ನಿಮಿಷ ಕೂತು ಮಾತಾಡಿ. ಇದನ್ನು ಆನ್‌ಲೈನ್ ಫಾರ್ಮ್ ಮಾಡಬೇಡಿ. ಫಾರ್ಮ್ ತುಂಬುವವರು ಹೇಗೂ ಚೆನ್ನಾಗಿರುವವರು. ಇನ್ನೂ ಬಾಕಿ ಇರುವ ಕಾಗದ ಯಾವುದು, ಗೈಡ್ ಜೊತೆ ಕೊನೆಯ ಭೇಟಿ ಯಾವತ್ತು, ಲ್ಯಾಬ್‌ನ ಹೊರಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಿರುವವರು ಎಷ್ಟು ಮಂದಿ, ಮೊದಲೇ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದು ಯಾವುದು. ಕೊನೆಯ ಪ್ರಶ್ನೆಯ ಉತ್ತರಗಳನ್ನು ಅವತ್ತೇ, ಮುಂದಿನ ವರ್ಷ ಮೂರು ವಾರ ಮುಂಚೆ ಹೋಗಬೇಕಾದ ಪತ್ರದ ಕಡತಕ್ಕೆ ಸೇರಿಸಿ. ಆ ಕಡತ ಒಬ್ಬ ಅಧಿಕಾರಿಯ ಸ್ವಂತ ಕಂಪ್ಯೂಟರ್‌ನಲ್ಲಿರದೆ ವಿಭಾಗದ ಹಂಚಿಕೆಯ ಫೋಲ್ಡರ್‌ನಲ್ಲಿರಲಿ. ಅಧಿಕಾರಿ ವರ್ಗವಾದ ವರ್ಷ ಎಲ್ಲವನ್ನೂ ಸೊನ್ನೆಯಿಂದ ಶುರುಮಾಡಬೇಕಾಗುವುದು ಇದೊಂದು ಕಾರಣಕ್ಕೇ.