ಬೇರಿನ ಮೇಲೆ ಬ್ರೇಕ್ ಹಿಡಿದವನ ಲೆಕ್ಕ

ಬೇರು ನನ್ನ ಮಣಿಕಟ್ಟಿನಷ್ಟು ದಪ್ಪ ಇತ್ತು. ಮಳೆಗೆ ನೆಂದು ಹೊಳೆಯುತ್ತಿತ್ತು. ದಾರಿಗೆ ನೇರ ಅಡ್ಡವಾಗಿಯೂ ಅಲ್ಲ, ಓರೆಯಾಗಿ ಮಲಗಿತ್ತು. ನೋಡಿದ ಕೂಡಲೇ ಗಾಬರಿಯಲ್ಲಿ ಸೈಕಲ್ಲಿನ ಎರಡೂ ಬ್ರೇಕ್ ಹಿಡಿದೆ. ಮುಂದಿನ ಚಕ್ರ ಸರಕ್ಕನೆ ಎಡಕ್ಕೆ ಹೋಯಿತು, ನಾನು ಬಲಕ್ಕೆ ಬಿದ್ದೆ. ಮೊಣಕೈ ತರಚಿತು, ಪುಣ್ಯಕ್ಕೆ ಅಷ್ಟೇ.

ಇದು ನಡೆದದ್ದು ಕೆನಡಾದ ವ್ಯಾಂಕೂವರ್ ಪಕ್ಕದ ನಾರ್ತ್ ಶೋರ್ ಬೆಟ್ಟಗಳಲ್ಲಿ, ಮೌಂಟ್ ಫ್ರೋಮ್ ಇಳಿಜಾರಿನಲ್ಲಿ. ಸೀಡರ್, ಹೆಮ್ಲಾಕ್, ಡಗ್ಲಸ್ ಫರ್ ಮರಗಳ ಕಾಡು. ಮೇಲೆ ತೆಳ್ಳಗೆ ಮಣ್ಣು, ಕೆಳಗೆ ಗಟ್ಟಿ ಕಲ್ಲು. ಆಳಕ್ಕೆ ಇಳಿಯಲಾಗದ ಬೇರುಗಳು ಅಗಲಕ್ಕೆ ಹರಡುತ್ತವೆ. ಮಳೆ ಮತ್ತು ಟೈರ್ ಸೇರಿ ಮೇಲಿನ ಮಣ್ಣು ಕಿತ್ತುಹೋದ ಮೇಲೆ ಅಜ್ಜಿಯ ಕೈ ನರಗಳ ಹಾಗೆ ಎದ್ದು ಕಾಣುತ್ತವೆ. ಇಲ್ಲಿ ಕೆಸರು ದಾಟುವುದಕ್ಕೆಂದು ಊರಿನವರು ಬಿದ್ದ ಸೀಡರ್ ಮರ ಸೀಳಿ ಏಣಿಯಂಥ ಸೇತುವೆ ಕಟ್ಟಿದರು. 'ಡಿಗ್ಗರ್' ಅಂತಲೇ ಹೆಸರಾದ ಟಾಡ್ ಫಿಯಾಂಡರ್ ಅಂಥವರಲ್ಲಿ ಒಬ್ಬರು. ಕೆಲವು ಹಲಗೆಗಳ ಮೇಲೆ ಕೋಳಿಗೂಡಿಗೆ ಹಾಕುವ ತಂತಿ ಜಾಲರಿ ಬಡಿದಿರುತ್ತಾರೆ. ಒದ್ದೆ ಮರದ ಮೇಲೆ ರಬ್ಬರ್ ನಿಲ್ಲುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಮೌಂಟನ್ ಬೈಕ್, ಅಂದರೆ ಕಾಡುಬೆಟ್ಟದ ದಾರಿಯಲ್ಲಿ ಓಡಿಸುವ ಸೈಕಲ್, ಕಲಿತದ್ದು ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ. ಅಲ್ಲಿ ಬೀಳಿಸುವುದು ಬಂಡೆ ಮೇಲಿನ ಒಣ ಗರಸು. ಇಲ್ಲಿ ಒದ್ದೆ ಬೇರು. ಬೀಳಿಸುವ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಟೈರಿನ ಹಿಡಿತವನ್ನು ಜೇಬಿನಲ್ಲಿರುವ ದುಡ್ಡು ಅಂದುಕೊಳ್ಳಿ. ಬ್ರೇಕ್‌ಗೂ ತಿರುವಿಗೂ ಅದೇ ಜೇಬಿನಿಂದ ಖರ್ಚು. ನೂರು ರೂಪಾಯಿ ಇದ್ದು, ಬ್ರೇಕ್‌ಗೆ 80 ಕೊಟ್ಟರೆ ತಿರುವಿಗೆ ಉಳಿಯುವುದು 20 ಅಲ್ಲ, 60! ಬ್ರೇಕ್ ಎಳೆಯುವುದು ಹಿಂದಕ್ಕೆ, ತಿರುವು ಎಳೆಯುವುದು ಪಕ್ಕಕ್ಕೆ. ಹಾಗಾಗಿ ಇದು ಕೂಡಿ ಕಳೆಯುವ ಲೆಕ್ಕವಲ್ಲ, ಶಾಲೆಯಲ್ಲಿ ಓದಿದ ಪೈಥಾಗರಸ್ ಲೆಕ್ಕ. ಉದಾರ ಜೇಬು, ಅಲ್ವಾ? ಆದರೆ ಚಕ್ರ ಒದ್ದೆ ಬೇರಿನ ಮೇಲೆ ಹತ್ತಿದ ಕ್ಷಣ ಜೇಬಿನಲ್ಲಿ ಇರುವುದೇ ಇಪ್ಪತ್ತೋ ಮೂವತ್ತೋ ಅಂದುಕೊಳ್ಳಿ. ಆಗಲೇ 80 ಖರ್ಚು ಮಾಡುತ್ತಾ ಬಂದವನಿಗೆ ಅಲ್ಲೇ ದಿವಾಳಿ.

ಬೇರು ಯಾಕಿಷ್ಟು ಬಡವ? ರಬ್ಬರ್ ಹಿಡಿಯುವುದು ನೆಲದ ಸಣ್ಣಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು. ದಿನಾ ಟೈರ್ ಉಜ್ಜಿ ಸಿಪ್ಪೆ ಹೋದ ಬೇರು ನುಣ್ಣಗಿರುತ್ತದೆ. ಉಳಿದ ತಗ್ಗುಗಳನ್ನು ನೀರು, ಪಾಚಿ ತುಂಬಿಬಿಡುತ್ತವೆ. ಮೌಂಟನ್ ಬೈಕಿನವರು ಗಾಳಿ ಕಡಿಮೆ ಹಾಕುವುದು ಇದಕ್ಕೇ. ಒಂದು ಚಕ್ರದ ಮೇಲೆ 40 ಕೆಜಿ ಭಾರ, ಟೈರಿನಲ್ಲಿ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ನೆಲಕ್ಕೆ ತಾಗುವ ಜಾಗ ಸುಮಾರು 23 ಚದರ ಸೆಂಟಿಮೀಟರ್, ಬೆಂಕಿಪೊಟ್ಟಣಕ್ಕಿಂತ ಚೂರು ದೊಡ್ಡದು. ರಸ್ತೆ ಸೈಕಲ್ಲಿನ ಹಾಗೆ 90 ಪಿಎಸ್‌ಐ ತುಂಬಿದರೆ ಅದೇ ಜಾಗ ಹತ್ತು ರೂಪಾಯಿ ನಾಣ್ಯದಷ್ಟಾಗುತ್ತದೆ. ಜೀವ ನಿಂತಿರುವುದು ಅದರ ಮೇಲೆ!

ಬೇರು ಓರೆಯಾಗಿದ್ದದ್ದು ಇನ್ನೊಂದು ತಾಪತ್ರಯ. ಜಾರುವ ಬೇರು ಚಕ್ರವನ್ನು ತಳ್ಳುವುದು ತನ್ನ ಉದ್ದಕ್ಕೆ ಲಂಬವಾಗಿ. ನೇರ ಅಡ್ಡ ಇದ್ದರೆ ಹಿಂದಕ್ಕೆ ತಳ್ಳುತ್ತದೆ, ಒಂದು ಕುಲುಕಿನಲ್ಲಿ ಮುಗಿಯಿತು. ಓರೆ ಇದ್ದರೆ ಪಕ್ಕಕ್ಕೂ ತಳ್ಳುತ್ತದೆ.

ಹಿಂದಿನ ಚಕ್ರ ಜಾರಿದರೆ ಬಹಳ ಸಲ ಬಚಾವಾಗುತ್ತೀರಿ. ಮುಂದಿನದು ಜಾರಿದರೆ ಹೆಚ್ಚಾಗಿ ನೆಲವೇ ಗತಿ. ಯಾಕೆ ಅಂತ ತಿಳಿಯಲು ಸೈಕಲ್ ಹೇಗೆ ನಿಲ್ಲುತ್ತದೆ ಅಂತ ನೋಡಬೇಕು. ತಿರುಗುವ ಚಕ್ರವೇ ಬುಗುರಿಯ ಹಾಗೆ ಸೈಕಲ್ಲನ್ನು ಎತ್ತಿ ಹಿಡಿಯುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಆ ಬುಗುರಿ ಗುಣವೇ ಇಲ್ಲದ ವಿಚಿತ್ರ ಸೈಕಲ್ ಕಟ್ಟಿ, ಸವಾರನೇ ಇಲ್ಲದೆ ಅದು ಬೀಳದೆ ಓಡುವುದನ್ನು 2011ರಲ್ಲಿ ತೋರಿಸಿದರು. ನಾವು ಸವಾರಿ ಮಾಡುವಾಗ ಮುಖ್ಯ ಕೆಲಸ ನಡೆಯುವುದು ಹ್ಯಾಂಡಲ್‌ನಲ್ಲಿ. ಸೈಕಲ್ ಯಾವ ಕಡೆ ವಾಲುತ್ತದೋ ಆ ಕಡೆಗೆ ಮುಂದಿನ ಚಕ್ರ ತಿರುಗಿ, ಭಾರದ ಅಡಿಗೆ ಓಡಿ ಬಂದು ನಿಲ್ಲುತ್ತದೆ. ಅಂಗೈ ಮೇಲೆ ಪೊರಕೆ ನಿಲ್ಲಿಸಿದ ಹಾಗೆ. ಮುಂದಿನ ಚಕ್ರದ ಹಿಡಿತ ಹೋಯಿತು ಅಂದರೆ ಪೊರಕೆ ಕೆಳಗಿನ ಅಂಗೈಯೇ ಹೋದ ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ಕೈ ಯಾಕೆ ಬ್ರೇಕ್ ಹಿಡಿಯಿತು? ತಡವಾಗಿ ನೋಡಿದ್ದಕ್ಕೆ. ಗಂಟೆಗೆ 15 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಜಾಸ್ತಿ. ಕಣ್ಣು ಕಂಡದ್ದಕ್ಕೆ ಬೆರಳು ಅಲುಗಲು ಕಾಲು ಸೆಕೆಂಡ್ ಹಿಡಿದರೂ ಒಂದು ಮೀಟರ್ ದಾಟಿರುತ್ತೇವೆ. ನಾನು ಮುಂದಿನ ಚಕ್ರವನ್ನೇ ನೋಡುತ್ತಿದ್ದೆ. ನೋಡಬೇಕಾದ್ದು ನಾಲ್ಕೈದು ಮೀಟರ್ ಮುಂದೆ.

ಸೈಕಲ್ ಎತ್ತಿಕೊಂಡು ಮತ್ತೆ ಮೇಲೆ ಹೋದೆ. ಈ ಸಲ ಗಟ್ಟಿ ಮಣ್ಣಿರುವಲ್ಲೇ ವೇಗ ಇಳಿಸಿದೆ. ಪೆಡಲ್ ಮೇಲೆ ಎದ್ದು ನಿಂತು, ಬೇರಿಗೆ ಮುಂಚೆ ಬೆರಳು ಸಡಿಲಿಸಿದೆ. ಚಕ್ರವನ್ನು ಆದಷ್ಟು ಬೇರಿಗೆ ಲಂಬವಾಗಿ ತಿರುಗಿಸಿದೆ. ಟೊಕ್ ಅಂತ ಮುಂದಿನದು ದಾಟಿತು. ಹಿಂದಿನದು ಒಂದು ಗೇಣು ಜಾರಿ ತಾನೇ ಸರಿಹೋಯಿತು. ಖುಷಿಯಿಂದ ತಲೆ ಎತ್ತಿದರೆ ಎದುರಿಗೆ ತೊಡೆಯಷ್ಟು ದಪ್ಪದ ಮೂರು ಬೇರು, ಅವುಗಳ ಹಿಂದೆಯೇ ಒಂದಾಳೆತ್ತರದ ಬಂಡೆ ಇಳಿಜಾರು. ಇಳಿದು, ಸುಮ್ನೆ ಸೈಕಲ್ ತಳ್ಳಿಕೊಂಡು ಹೋದೆ.