ಕೋಲಾರದ ನೀರು: ತೂಬಿನಿಂದ ಸಾವಿರ ಅಡಿಯ ಆಳಕ್ಕೆ

ಕೋಲಾರ ಜಿಲ್ಲೆಯ ನೀರಿನ ಮಾತು ಬಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಕೆ.ಸಿ. ವ್ಯಾಲಿ ಯೋಜನೆ, ಪಶ್ಚಿಮಘಟ್ಟದ ನೀರು ತರುವ ಎತ್ತಿನಹೊಳೆ ಯೋಜನೆ, ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್, ಮೂರನೇ ಹಂತದ ಶುದ್ಧೀಕರಣ ಎಲ್ಲವೂ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಈ ಸಿಕ್ಕನ್ನು ಕೆರೆಯ ತೂಬಿನಿಂದಲೇ ಬಿಡಿಸುತ್ತಾ ಬರಬೇಕು.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯನ್ನು ಶತಮಾನಗಳ ಕಾಲ ಸಾಕಿದ್ದು ಸರಪಳಿಯಂತೆ ಕಟ್ಟಿದ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ನೀರು ಹಂಚುವ ನೀರಗಂಟಿ ತೂಬು ಎತ್ತಿದಷ್ಟೇ ಅಚ್ಚುಕಟ್ಟಿಗೆ ನೀರು. ತೆರೆದ ಬಾವಿಯ ಕಪಿಲೆಗೂ ಎತ್ತುಗಳ ದಣಿವೇ ಮಿತಿಯಾಗಿತ್ತು.

ಆ ಮಿತಿಯನ್ನು ಅಳಿಸಿದ್ದು ಕೊಳವೆ ಬಾವಿ. ಇಲ್ಲಿನ ನೆಲ ಗಟ್ಟಿ ಕಲ್ಲಿನದು. ಮೇಲಿನ ಶಿಥಿಲ ಪದರದಲ್ಲಿ ಮಳೆನೀರು ಬೇಗ ಇಂಗುತ್ತದೆ, ಅದರ ಕೆಳಗಿನ ಬಿರುಕುಗಳಿಗೆ ಇಳಿಯುವುದು ತೀರಾ ನಿಧಾನ. ಮೇಲಿನದು ಬರಿದಾದಂತೆ ಜನ ಬಿರುಕುಗಳನ್ನು ಹುಡುಕಿಕೊಂಡು ಸಾವಿರ ಅಡಿ ದಾಟಿದರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬೋರ್ ಕೊರೆಯುವ ಪಾಯಿಂಟ್ ನೋಡುತ್ತಿದ್ದರು. ರಾತ್ರಿಯಿಡೀ ಬೋರ್ ಲಾರಿ ಮೊರೆಯುತ್ತಿತ್ತು. ಹಾರುವ ಬೂದು ಕಲ್ಲುಪುಡಿ ಒದ್ದೆಯಾಗುತ್ತದೆಯೇ ಎಂದು ಮನೆಮಂದಿಯೆಲ್ಲ ಬದುವಿನ ಮೇಲೆ ಕಾದು ಕೂರುತ್ತಿದ್ದರು. ಪುಡಿ ಒಣಗಿಯೇ ಬಂದರೆ ಸಾಲವಷ್ಟೇ ಉಳಿಯುತ್ತಿತ್ತು, ಮುಂದಿನ ವರ್ಷ ಮತ್ತೊಂದು ಪಾಯಿಂಟ್. ಆಳದ ನೀರಿನ ಜೊತೆ ಫ್ಲೋರೈಡ್ ಕುಡಿಯುವ ಕೊಡಕ್ಕೂ ಬಂತು. 2008ರಲ್ಲಿ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಯಿತು. ಟೊಮೆಟೊ, ಹಿಪ್ಪುನೇರಳೆ ನಂಬಿದ ಸಣ್ಣ ರೈತನಿಗೆ ಅದು ನಿಜವಾದ ಆಸರೆ. ಆದರೆ ನೀರೆತ್ತುವುದಕ್ಕೆ ಉಳಿದಿದ್ದ ಕೊನೆಯ ಲೆಕ್ಕವೂ ಅದರೊಂದಿಗೆ ಹೋಯಿತು. 2011ರ ಅಂತರ್ಜಲ ಕಾಯ್ದೆ ಹೊಸ ಕೊಳವೆ ಬಾವಿಗೆ ಅನುಮತಿ ಬೇಕೆಂದಿತು. ಅಷ್ಟರಲ್ಲಿ ನೀರು ಪಾತಾಳ ಸೇರಿತ್ತು.

2018ರ ಜೂನ್‌ನಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಹರಿಯಿತು. ಮರುತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯ ಈ ಕೆ.ಸಿ. ವ್ಯಾಲಿ ಯೋಜನೆ ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದಕ್ಕೇ ಹೊರತು ನೇರ ನೀರಾವರಿಗಲ್ಲ. ಬತ್ತಿದ್ದ ಕೊಳವೆ ಬಾವಿಗಳು ಮತ್ತೆ ನೀರು ಕೊಟ್ಟವು ಎಂಬುದು ಎಷ್ಟು ಸತ್ಯವೋ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತವೂ ಬೇಕು ಎಂಬ ಆತಂಕವೂ ಅಷ್ಟೇ ನ್ಯಾಯವಾದದ್ದು. ಪಶ್ಚಿಮಘಟ್ಟದಿಂದ 24 ಟಿಎಂಸಿ (ಶತಕೋಟಿ ಘನ ಅಡಿ) ನೀರು ತರುವ ಎತ್ತಿನಹೊಳೆಯ ಮೊದಲ ಹಂತ 2024ರಲ್ಲಿ ಉದ್ಘಾಟನೆಯಾದರೂ ಕೋಲಾರ ಅದರ ಕಟ್ಟಕಡೆಯ ಊರು.

ಈ ನಡುವೆ ಮಳೆಯ ನಡೆಯೂ ಬದಲಾಗುತ್ತಿದೆ. 2021ರ ನವೆಂಬರಿನಂತೆ ಒಮ್ಮೆಲೇ ಸುರಿದಾಗ ಕೆರೆಗಳು ಕೋಡಿ ಬೀಳುತ್ತವೆ; ಹೂಳು ತುಂಬಿದ ಕೆರೆಯಲ್ಲಿ ನಿಲ್ಲುವುದು ಸ್ವಲ್ಪವೇ. ಬರಬೇಕಾದ ಟಿಎಂಸಿ ಎಷ್ಟೆಂಬುದು ಎಲ್ಲರಿಗೂ ಬಾಯಿಪಾಠ. ಪ್ರತಿ ರಾತ್ರಿ ಎತ್ತಿದ್ದೆಷ್ಟು ಎನ್ನಲು ಹೆಚ್ಚಿನ ಪಂಪ್‌ಸೆಟ್‌ಗಳಿಗೆ ಇಂದಿಗೂ ಮೀಟರಿಲ್ಲ.