ಲಂಡನ್‌ಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ: ಯಾಕೆ?

ಪ್ರಶ್ನೆ: ಬೆಂಗಳೂರಿನಿಂದ ಲಂಡನ್ ಎಷ್ಟು ದೂರ ಸಾರ್? ವಿಮಾನ ಹೋಗುವಾಗ ಜಾಸ್ತಿ ಹೊತ್ತು ಹಿಡಿಯುತ್ತೆ, ಬರುವಾಗ ಬೇಗ ಬಂದುಬಿಡುತ್ತೆ. ಭೂಮಿ ತಿರುಗೋದರಿಂದ ತಾನೇ?
— ಶಿಡ್ಲಘಟ್ಟದ ಓದುಗರೊಬ್ಬರು

ಮೊದಲು ಲೆಕ್ಕ ಮುಗಿಸೋಣ. ನೇರ ದೂರ ಸುಮಾರು 8,000 ಕಿ.ಮೀ. ಎಲ್ಲೂ ಇಳಿಯದ ವಿಮಾನಕ್ಕೆ ಹೋಗಲು ಹನ್ನೊಂದು ಗಂಟೆ ಆಸುಪಾಸು, ಬರಲು ಹತ್ತು ಗಂಟೆ ಆಸುಪಾಸು. ಟಿಕೆಟ್‌ನಲ್ಲಿರುವ ಎರಡು ಸಮಯವನ್ನು ಹಾಗೇ ಕಳೆಯಬೇಡಿ, ಅವು ಆಯಾ ಊರಿನ ಗಡಿಯಾರದ್ದು. ಲಂಡನ್ ನಮಗಿಂತ ಚಳಿಗಾಲದಲ್ಲಿ ಐದೂವರೆ, ಬೇಸಿಗೆಯಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಇನ್ನು ಭೂಮಿ ತಿರುಗುವ ಕಥೆ. ಚಿಕ್ಕಬಳ್ಳಾಪುರದ ಸುತ್ತಮುತ್ತ, ಮಕ್ಕಳನ್ನು ದೇವನಹಳ್ಳಿಗೆ ಬಿಟ್ಟು ಬಂದವರೆಲ್ಲ ಇದನ್ನೇ ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ. ಇವತ್ತು ಕೂತು ಬಿಡಿಸಿಯೇ ಬಿಡೋಣ.

ಭೂಮಿ ತಿರುಗುವುದು ಪಶ್ಚಿಮದಿಂದ ಪೂರ್ವಕ್ಕೆ. ವಿಮಾನ ಮೇಲಿದ್ದಾಗ ನೆಲ ಕೆಳಗೆ ಜಾರುತ್ತೆ ಅನ್ನೋದು ನಿಜವಾಗಿದ್ದರೆ, ಪಶ್ಚಿಮದಲ್ಲಿರುವ ಲಂಡನ್ ತಾನಾಗಿ ನಮ್ಮ ಕಡೆ ಬರಬೇಕಿತ್ತು. ಹೋಗುವಾಗಲೇ ಬೇಗ ಆಗಬೇಕಿತ್ತು! ಆಗುತ್ತಿರುವುದು ಉಲ್ಟಾ. ನಿಮ್ಮ ವಾದವನ್ನು ನಿಮ್ಮ ಟಿಕೆಟ್ಟೇ ಒಪ್ಪುತ್ತಿಲ್ಲ.

ಸಾಲದಾ? ನಮ್ಮ ಸೀಮೆಯ ನೆಲ ಗಂಟೆಗೆ 1,600 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಸುತ್ತುತ್ತಿದೆ. ನಂದಿಬೆಟ್ಟದ ಮೇಲೆ ಹೆಲಿಕಾಪ್ಟರ್ ಒಂದು ಗಂಟೆ ಸುಮ್ನೆ ನಿಂತರೆ, ಅಷ್ಟರಲ್ಲಿ ಅದರ ಕೆಳಗೆ ಅರಬ್ಬೀ ಸಮುದ್ರ ಬಂದಿರಬೇಕು. ಬರಲ್ಲ. ನೆಲದ ಜೊತೆ ಗಾಳಿಯೂ ಸುತ್ತುತ್ತದೆ, ಹೆಲಿಕಾಪ್ಟರೂ ಸುತ್ತುತ್ತದೆ. ಒಂದೇ ವೇಗದಲ್ಲಿ ಓಡುವ ಬಸ್ಸಿನಲ್ಲಿ ಕೂತು ಕಡಲೆಕಾಯಿ ಮೇಲಕ್ಕೆಸೆದು ನೋಡಿ. ನಿಮ್ಮ ಕೈಗೇ ಬೀಳುತ್ತೆ, ಹಿಂದಿನ ಸೀಟಿನವರ ತಲೆಗಲ್ಲ.

ನಿಜವಾದ ಕಾರಣ ಗಾಳಿ. ನಮಗಿಂತ ಉತ್ತರದ ಸೀಮೆಗಳಲ್ಲಿ, ಒಂಬತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಜೋರು ಗಾಳಿ ಹೊಳೆಯ ಹಾಗೆ ಬೀಸುತ್ತದೆ. ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ದಾಟುವುದೂ ಉಂಟು. ದಾರಿಯುದ್ದಕ್ಕೂ ಸರಾಸರಿ 50 ಸಿಕ್ಕಿತು ಅನ್ನಿ. 900ರಲ್ಲಿ ಹಾರುವ ವಿಮಾನ ಹೋಗುವಾಗ 850ಕ್ಕೆ ಇಳಿಯಿತು, ಬರುವಾಗ 950ಕ್ಕೆ ಏರಿತು. 8,000 ಕಿ.ಮೀ.ಗೆ ಒಂದು ಗಂಟೆಯ ವ್ಯತ್ಯಾಸ ಅಲ್ಲೇ ಬಂತು. ಆ ಗಾಳಿ ಹಾಗೆ ಬೀಸುವುದರಲ್ಲಿ ಭೂಮಿಯ ತಿರುಗಾಟದ ಕೈವಾಡ ಇದೆ. ಅದಕ್ಕೆ ಬೇಕಾದರೆ ಅರ್ಧ ಮಾರ್ಕ್ಸ್ ಕೊಡುತ್ತೇನೆ.

ಹಾಗಾದರೆ ನಮ್ಮ ತಲೆಯ ಮೇಲೆ ಯಾವ ಗಾಳಿ? ಇದನ್ನು ಯಾರೂ ಕೇಳಲ್ಲ, ಮಜಾ ಇರುವುದೇ ಇಲ್ಲಿ. ಮುಂಗಾರಿನಲ್ಲಿ ನಮಗೆ ಪಶ್ಚಿಮದ ಗಾಳಿ, ಗೊತ್ತಲ್ಲ. ಅದೇ ತಿಂಗಳುಗಳಲ್ಲಿ 14–15 ಕಿ.ಮೀ. ಎತ್ತರದಲ್ಲಿ ಗಾಳಿ ತಿರುವುಮುರುವು: ಪೂರ್ವದಿಂದ ಪಶ್ಚಿಮಕ್ಕೆ, ಗಂಟೆಗೆ ನೂರು ಕಿ.ಮೀ.ಗೂ ಜಾಸ್ತಿ. ಈ ಪೂರ್ವದ ಜೆಟ್ ಬಗ್ಗೆ 1958ರಲ್ಲಿ ವಿವರವಾಗಿ ಬರೆದವರು ನಮ್ಮ ದೇಶದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಆಷಾಢದಲ್ಲಿ ಮೋಡ ಸ್ವಲ್ಪ ಬಿರಿದಾಗ ನೋಡಿ, ಕೆಳಗಿನ ದಪ್ಪ ಮೋಡ ಚಿಂತಾಮಣಿ ಕಡೆ ಓಡುತ್ತಿದ್ದರೆ, ತೀರಾ ಮೇಲಿನ ಎಳೆ ಎಳೆ ಮೋಡ ಗೌರಿಬಿದನೂರಿನ ಕಡೆ ಹೊರಟಿರುತ್ತೆ. ವಿಮಾನ ಅಷ್ಟು ಎತ್ತರಕ್ಕೆ ಏರಲ್ಲ, ಆದರೂ ಆ ಗಾಳಿಯ ಅಂಚು ತಗಲುತ್ತೆ. ಹಾಗಾಗಿ ಮಳೆಗಾಲದಲ್ಲಿ ಲಂಡನ್‌ಗೆ ಹೊರಟವರಿಗೆ ಮೊದಲ ಸ್ವಲ್ಪ ದೂರ ಹಿಂದಿನಿಂದ ಗಾಳಿ. ಉತ್ತರಕ್ಕೆ ಹೋದ ಮೇಲೆ ಮತ್ತೆ ಎದುರುಗಾಳಿಯೇ.